22 ಹ್ಯಾಂಡಿಕ್ಯಾಪ್‌ನ ಆಟಗಾರ ಯಾವ ಗಾಲ್ಫ್ ಚೆಂಡನ್ನು ಆರಿಸಿಕೊಳ್ಳಬೇಕು?

ಪ್ರಶ್ನೆ – ಮುಂಜಾವಿನ ಟೀ, ಬೆಂಗಳೂರು

ನಲವತ್ತೇಳನೆಯ ವಯಸ್ಸಿನಲ್ಲಿ ಗಾಲ್ಫ್ ಕಲಿಯಲು ತೊಡಗಿದ ನನಗೆ ಈಗ ಆಟದಲ್ಲಿ ನಾಲ್ಕು ವರ್ಷ ತುಂಬಿದೆ. ಊರ ಹೊರಗಿನ ಒಂದು ಕೋರ್ಸಿನಲ್ಲಿ ಪ್ರತಿ ಶನಿವಾರ ಬೆಳಗಿನ ಹೊತ್ತು ಆಡುತ್ತೇನೆ. ಆಟದ ಮಟ್ಟವನ್ನು ಸೂಚಿಸುವ ಹ್ಯಾಂಡಿಕ್ಯಾಪ್ (ಸಂಖ್ಯೆ ಇಳಿದಷ್ಟೂ ಆಟ ಉತ್ತಮ) ಒಂದೂವರೆ ವರ್ಷದಿಂದ 22ರಲ್ಲೇ ನಿಂತಿದೆ. ಅಭ್ಯಾಸದ ರೇಂಜಿನಲ್ಲಿ ಅಳೆಸಿದಾಗ, ದೂರ ಹೊಡೆಯಲು ಬಳಸುವ ಕ್ಲಬ್ಬಾದ ನನ್ನ ಡ್ರೈವರ್‌ನ ವೇಗ ಗಂಟೆಗೆ 88 ಮೈಲಿ ಎಂದು ಬಂತು. ನೇರವಾಗಿ ಹೋದ ದಿನ ಚೆಂಡು 200 ಗಜ ದಾಟುತ್ತದೆ. ಆದರೆ ಹೆಚ್ಚಿನ ದಿನಗಳಲ್ಲಿ ಬಲಕ್ಕೆ ಬಾಗಿ ಮರಗಳ ಕಡೆಗೋ ಕೆರೆಯ ಕಡೆಗೋ ಹೋಗುತ್ತದೆ. ಒಂದು ರೌಂಡಿಗೆ ಎರಡು ಮೂರು ಚೆಂಡು ಕಳೆಯುವುದು ವಾಡಿಕೆಯಾಗಿದೆ.

ಹೀಗೆ ಕಳೆಯುತ್ತದೆಂಬ ಕಾರಣಕ್ಕೇ ನಾನು ಇದುವರೆಗೆ ಚೆಂಡಿನ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಕೆರೆಯಿಂದ ತೆಗೆದು ತೊಳೆದು ಮಾರುವ ಹಳೆಯ ಚೆಂಡುಗಳನ್ನು ಡಜನ್ ಲೆಕ್ಕದಲ್ಲಿ ಕೊಂಡು ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಅದರಲ್ಲಿ ಟೈಟ್ಲಿಸ್ಟ್, ಕ್ಯಾಲವೇ, ಸ್ರಿಕ್ಸನ್, ಬ್ರಿಡ್ಜ್‌ಸ್ಟೋನ್ ಎಲ್ಲವೂ ಬೆರೆತಿರುತ್ತವೆ. ಕೈಗೆ ಸಿಕ್ಕಿದ್ದನ್ನು ಟೀ ಎಂಬ ಪುಟ್ಟ ಗೂಟದ ಮೇಲಿಟ್ಟು ಹೊಡೆಯುವುದಷ್ಟೇ ನನ್ನ ಕ್ರಮ. ಭಾವಮೈದುನ ಉಡುಗೊರೆಯಾಗಿ ಕೊಟ್ಟ ಒಂದು ಪೆಟ್ಟಿಗೆ ಪ್ರೊ ವಿ1 (ಟೈಟ್ಲಿಸ್ಟ್‌ನ ದುಬಾರಿ ಚೆಂಡು) ಮಾತ್ರ ಮನೆಯ ಕಪಾಟಿನಲ್ಲಿ ಹಾಗೆಯೇ ಇದೆ.

ಕಳೆದ ಎರಡು ತಿಂಗಳಿಂದ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಗುಳಿಯ ಸುತ್ತಲಿನ ನುಣುಪು ಹುಲ್ಲಾದ ಗ್ರೀನಿನಿಂದ 30 ಗಜ ದೂರದಲ್ಲಿ, ಓರೆ ಮುಖದ ಅದೇ ಸ್ಯಾಂಡ್ ವೆಡ್ಜ್ ಕ್ಲಬ್ಬನ್ನು ಹಿಡಿದು, ನನಗೆ ತಿಳಿದಮಟ್ಟಿಗೆ ಅದೇ ತೂಗಿನಲ್ಲಿ (ಸ್ವಿಂಗ್) ಹೊಡೆದರೂ, ಒಮ್ಮೆ ಚೆಂಡು ಎರಡು ಪುಟಿತಕ್ಕೆ ನಿಲ್ಲುತ್ತದೆ. ಇನ್ನೊಮ್ಮೆ ಬಾವುಟವನ್ನು ದಾಟಿ ಗ್ರೀನಿನ ಆಚೆ ಅಂಚಿನವರೆಗೂ ಉರುಳಿಹೋಗುತ್ತದೆ. ಇದು ಕೈಯ ದೋಷ, ಅಭ್ಯಾಸ ಮಾಡಿ ಎಂದು ತರಬೇತುದಾರರು ಹೇಳುತ್ತಾರೆ. ಚೆಂಡಿನ ದೋಷ, ಒಳ್ಳೆಯದನ್ನು ಕೊಳ್ಳಿ ಎಂದು ಜತೆಯ ಆಟಗಾರರೊಬ್ಬರು ಹೇಳುತ್ತಾರೆ. ಅಂಗಡಿಯವರು ನನ್ನ ವೇಗವನ್ನು ಕೇಳಿದೊಡನೆ, ನಿಮಗೆ ಕಡಿಮೆ ಕಂಪ್ರೆಷನ್‌ನ ಮೃದು ಚೆಂಡೇ ಬೇಕು, ಗಟ್ಟಿ ಚೆಂಡನ್ನು ನೀವು ಒತ್ತಲಾರಿರಿ ಎಂದು ಬೇರೆಯದೇ ಪೆಟ್ಟಿಗೆಯನ್ನು ಮುಂದಿಟ್ಟರು. ದುಬಾರಿಯ ಯುರೆಥೇನ್ ಹೊದಿಕೆಯ ಚೆಂಡು ನನ್ನಂಥವರಿಗೆ ನಿಜಕ್ಕೂ ಉಪಯೋಗವೇ, ಅಥವಾ ಅದು ನುರಿತ ಆಟಗಾರರಿಗಷ್ಟೇ ಅರ್ಥವಾಗುವ ವ್ಯತ್ಯಾಸವೇ? ಬಲಕ್ಕೆ ಬಾಗುವುದನ್ನು ಚೆಂಡು ಬದಲಿಸಿ ತಗ್ಗಿಸಲು ಸಾಧ್ಯವೇ? ಆಡಿ ಅನುಭವವಿರುವವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಹದಿನೆಂಟನೆಯ ಗ್ರೀನ್, ಬೆಂಗಳೂರು

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಮುಕ್ಕಾಲು ಭಾಗವಿದೆ. ತರಬೇತುದಾರರ ಮಾತೂ ನಿಮ್ಮ ಜತೆಗಾರರ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಪ್ರತಿ ಹೋಲ್‌ಗೆ ಬೇರೆ ಬೇರೆ ಚೆಂಡನ್ನು ಹೊಡೆಯುವ ತನಕ ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಪತ್ತೆ ಮಾಡಲು ನಿಮಗೆ ದಾರಿಯೇ ಇಲ್ಲ. ಒಂದೇ ತೂಗಿಗೆ ಎರಡು ರೀತಿಯ ಫಲ ಬಂದಾಗ ತಪ್ಪು ಕೈಯದೋ ಚೆಂಡಿನದೋ ಎಂದು ತಿಳಿಯದಿದ್ದರೆ ಕೈ ಏನನ್ನು ಕಲಿತೀತು? ಆದ್ದರಿಂದ ನನ್ನ ಮೊದಲ ಸಲಹೆ ಯಾವ ಬ್ರಾಂಡಿಗೂ ಸಂಬಂಧಿಸಿದ್ದಲ್ಲ. ಯಾವುದಾದರೂ ಒಂದೇ ಮಾದರಿಯ ಚೆಂಡನ್ನು ಆರಿಸಿಕೊಂಡು ಕನಿಷ್ಠ ಹತ್ತು ರೌಂಡು ಅದನ್ನೇ ಆಡಿ.

ಆ ಒಂದು ಮಾದರಿಯನ್ನು ಆರಿಸುವಾಗ ಹೆಚ್ಚಿನವರು ಟೀಯಿಂದ ಆರಂಭಿಸುತ್ತಾರೆ: ಯಾವುದು ದೂರ ಹೋಗುತ್ತದೆ ಎಂದು ನೋಡುತ್ತಾರೆ. ನೀವು ಗ್ರೀನಿನಿಂದ ಹಿಂದಕ್ಕೆ ಬನ್ನಿ. ಈಗಿನ ಚೆಂಡುಗಳ ಗಾತ್ರ, ತೂಕ, ಚಿಮ್ಮುವ ವೇಗ ಎಲ್ಲಕ್ಕೂ ಗಾಲ್ಫ್‌ನ ನಿಯಮಗಳನ್ನು ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಮಿತಿ ಹಾಕಿವೆ. ತೂಕ 45.93 ಗ್ರಾಮಿಗಿಂತ ಹೆಚ್ಚಿರಬಾರದು, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಒಳ್ಳೆಯ ತಯಾರಕರೆಲ್ಲರೂ ಆ ಮಿತಿಯ ಅಂಚಿನಲ್ಲೇ ನಿಂತಿರುವುದರಿಂದ, ನಿಮ್ಮ ವೇಗದಲ್ಲಿ ಡ್ರೈವರ್‌ನಿಂದ ಒಂದು ಚೆಂಡಿಗೂ ಇನ್ನೊಂದಕ್ಕೂ ಬರುವ ಅಂತರ ಕೆಲವೇ ಗಜಗಳದು. ಅದೇ 30 ಗಜದ ವೆಡ್ಜ್ ಹೊಡೆತದಲ್ಲಿ ಎರಡು ಬಗೆಯ ಚೆಂಡುಗಳ ನಡುವೆ ಸ್ಪಿನ್‌ನ ವ್ಯತ್ಯಾಸ ನಿಮಿಷಕ್ಕೆ ಸಾವಿರಾರು ಸುತ್ತುಗಳಷ್ಟಾಗುತ್ತದೆ. ನಿಮ್ಮನ್ನು ಕಾಡುತ್ತಿರುವುದು ಆ ವ್ಯತ್ಯಾಸವೇ ಎಂದು ನನಗೆ ಹೆಚ್ಚುಕಡಿಮೆ ಖಚಿತವಾಗಿ ಅನ್ನಿಸುತ್ತದೆ.

ಅದಕ್ಕೆ ಕಾರಣ ಹೊದಿಕೆ. ಅಗ್ಗದ ಚೆಂಡುಗಳ ಹೊದಿಕೆ ಅಯನೊಮರ್. ಆಟಗಾರರ ಬಾಯಲ್ಲಿ ಅದು ಇಂದಿಗೂ ಸರ್ಲಿನ್. ಅದು ಗಟ್ಟಿ, ಬಾಳಿಕೆಯದು, ಬಂಡೆಗೆ ಬಡಿದರೂ ಸುಲಭವಾಗಿ ತರಚುವುದಿಲ್ಲ. ದುಬಾರಿ ಚೆಂಡುಗಳ ಹೊದಿಕೆ ಯುರೆಥೇನ್. ಅದು ತೆಳುವಾಗಿದ್ದು ವೆಡ್ಜ್‌ನ ಗೀರುಗಳು ಅದನ್ನು ಕಚ್ಚಿಹಿಡಿಯುತ್ತವೆ. ಒಳಗಿನ ಗಟ್ಟಿ ಪದರಕ್ಕೂ ಹೊರಗಿನ ವೆಡ್ಜ್‌ನ ಉಕ್ಕಿಗೂ ನಡುವೆ ಈ ಮೃದು ಚರ್ಮ ಸಿಕ್ಕಿಕೊಂಡಾಗ ಚೆಂಡು ಜಾರದೆ ತಿರುಗುತ್ತದೆ. ಗಟ್ಟಿ ಹೊದಿಕೆಯ ಚೆಂಡು ವೆಡ್ಜ್‌ನ ಮುಖದ ಮೇಲೆ ಜಾರಿ, ಎತ್ತರಕ್ಕೆ ಹೊರಟು, ಕಡಿಮೆ ಸ್ಪಿನ್‌ನಿಂದ ಇಳಿದು ಉರುಳುತ್ತದೆ. ನಿಮ್ಮ ಚೀಲದಲ್ಲಿ ಎರಡೂ ಬೆರೆತಿರುವಾಗ ಒಂದು ನಿಲ್ಲುವುದೂ ಒಂದು ಓಡುವುದೂ ಸಹಜ.

ಸುಮಾರು ಕಾಲು ಶತಮಾನದ ಹಿಂದೆ ಈ ಎರಡು ಗುಣಗಳು ಒಂದೇ ಚೆಂಡಿನಲ್ಲಿ ಇರುತ್ತಿರಲಿಲ್ಲ. ದೂರ ಬೇಕೆಂದವರು ಗಟ್ಟಿಯ ಎರಡು ಪದರದ ಚೆಂಡನ್ನೂ, ಹಿಡಿತ ಬೇಕೆಂದವರು ರಬ್ಬರ್ ದಾರ ಸುತ್ತಿದ, ಬೇಗ ಹರಿದುಹೋಗುವ ಬಲಾಟ ಎಂಬ ಮೃದು ಹೊದಿಕೆಯ ಚೆಂಡನ್ನೂ ಆಡುತ್ತಿದ್ದರು. 2000ದ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ಟೂರ್ನಿಯಲ್ಲಿ ಪ್ರೊ ವಿ1 ಮೊದಲ ಬಾರಿಗೆ ಆಟಕ್ಕೆ ಬಂದ ಮೇಲೆ, ಘನ ತಿರುಳು ಮತ್ತು ಯುರೆಥೇನ್ ಹೊದಿಕೆಯ ಚೆಂಡುಗಳು ಕೆಲವೇ ವರ್ಷಗಳಲ್ಲಿ ದಾರ ಸುತ್ತಿದ ಚೆಂಡನ್ನು ವೃತ್ತಿಪರ ಆಟದಿಂದ ಅಳಿಸಿಹಾಕಿದವು. ನಿಮ್ಮ ಕಪಾಟಿನ ಪೆಟ್ಟಿಗೆಯಲ್ಲಿರುವುದು ಅದೇ ವಂಶದ ಚೆಂಡು. ಆದರೆ ಯುರೆಥೇನ್ ಎಂದರೆ ಆ ಒಂದೇ ಹೆಸರು ಎಂದು ತಿಳಿಯಬೇಕಾಗಿಲ್ಲ. ಟೇಲರ್‌ಮೇಡ್‌ನ ಟಿಪಿ5, ಕ್ಯಾಲವೇಯ ಕ್ರೋಮ್ ಸರಣಿ, ಸ್ರಿಕ್ಸನ್‌ನ ಝಡ್‌-ಸ್ಟಾರ್ ಎಲ್ಲವೂ ಅದೇ ಬಗೆಯವು. ಸ್ರಿಕ್ಸನ್‌ನ ಕ್ಯೂ-ಸ್ಟಾರ್ ಟೂರ್‌ನಂಥ ಮೂರು ಪದರದ ಚೆಂಡುಗಳಿಗೂ ಯುರೆಥೇನ್ ಹೊದಿಕೆಯೇ ಇದ್ದು ಬೆಲೆ ಇನ್ನಷ್ಟು ಕಡಿಮೆ.

ಪರೀಕ್ಷಿಸುವ ವಿಧಾನ ಹೇಳುತ್ತೇನೆ. ಕಪಾಟಿನ ಪೆಟ್ಟಿಗೆಯಿಂದ ಮೂರು ಚೆಂಡು ತೆಗೆಯಿರಿ, ಅಯನೊಮರ್ ಹೊದಿಕೆಯ ಹೊಸ ಚೆಂಡು ಮೂರನ್ನು ಕೊಳ್ಳಿ. ಜನ ಕಡಿಮೆಯಿರುವ ಹೊತ್ತಿನಲ್ಲಿ ಅಭ್ಯಾಸದ ಗ್ರೀನಿಗೆ ಹೋಗಿ, ಮೊದಲು ಅಂಚಿನಿಂದ ಸಣ್ಣ ಚಿಪ್ (ಮೆಲ್ಲನೆಯ ಕಿರು ಹೊಡೆತ), ಅನಂತರ 30 ಗಜ, ಅನಂತರ 50 ಗಜ ಹೊಡೆಯಿರಿ. ಯಾವ ಚೆಂಡು ಎಂದು ನಿಮಗೆ ಕಾಣದಂತೆ ಗೆಳೆಯರೊಬ್ಬರು ಗುರುತನ್ನು ಕೆಳಗೆ ಮಾಡಿ ಇಡಲಿ. ಬಿದ್ದ ಜಾಗದಿಂದ ನಿಂತ ಜಾಗಕ್ಕೆ ಎಷ್ಟು ಹೆಜ್ಜೆ ಎಂದು ಅಳೆದು ಬರೆದುಕೊಳ್ಳಿ. ಮಧ್ಯಮ ದೂರದ ಕ್ಲಬ್ಬಾದ 7 ಐರನ್‌ನ ಸರದಿ ಅದಾದ ಮೇಲೆ, ಡ್ರೈವರ್ ಕೊನೆಗೆ.

ಉದ್ದ ಹೊಡೆಯುವವರ ಎದುರು ನಮ್ಮಂಥವರಿಗೆ ಏನು ಉಳಿದಿದೆ ಎಂಬ ಭಾವನೆ ಬಂದರೆ ಅದಿತಿ ಅಶೋಕ್ ಅವರನ್ನು ನೆನೆಯಿರಿ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಅಂಗಳದಲ್ಲಿ ಆಟ ಕಲಿತ ಅವರು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮಗಿಂತ ಬಹಳ ದೂರ ಹೊಡೆಯುವವರ ನಡುವೆ, ಗ್ರೀನಿನ ಮೇಲಿನ ಮತ್ತು ಗ್ರೀನಿನ ಸುತ್ತಲಿನ ಆಟದ ಬಲದಿಂದ ನಾಲ್ಕನೆಯ ಸ್ಥಾನಕ್ಕೆ ಏರಿದರು. ಆ ಬೆಳಗಿನ ಕೊನೆಯ ಹೋಲ್‌ಗಳನ್ನು ದೂರದರ್ಶನದಲ್ಲಿ ನೋಡಿದ ನೆನಪು ನನಗೆ ಇಂದಿಗೂ ಹಸಿಯಾಗಿದೆ.

ಉತ್ತರ 2 – ಭೌತಶಾಸ್ತ್ರದ ಮೇಷ್ಟ್ರು, ಮೈಸೂರು

ಚಾಮುಂಡಿ ಬೆಟ್ಟ ಕಾಣುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಆಡಿದವನು ನಾನು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮೇಲಿನ ಉತ್ತರವನ್ನು ಒಪ್ಪುತ್ತಲೇ, ಅಂಗಡಿಯವರು ಹೇಳಿದ ಕಂಪ್ರೆಷನ್ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕೆನಿಸುತ್ತದೆ, ಏಕೆಂದರೆ ಆಟಗಾರರಲ್ಲಿ ಇದರಷ್ಟು ಆಳವಾಗಿ ಬೇರೂರಿದ ತಪ್ಪು ತಿಳಿವಳಿಕೆ ಇನ್ನೊಂದಿಲ್ಲ.

ಕಂಪ್ರೆಷನ್ ಎಂದರೆ ಒಂದು ಗೊತ್ತಾದ ಭಾರದ ಕೆಳಗೆ ಚೆಂಡು ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ. ಮಾರುಕಟ್ಟೆಯ ಅತಿ ಮೃದು ಚೆಂಡುಗಳು 40ರ ಆಸುಪಾಸಿನಲ್ಲಿರುತ್ತವೆ, ವೃತ್ತಿಪರರ ಚೆಂಡುಗಳು 90ರ ಆಸುಪಾಸಿನಲ್ಲಿ. ನಿಧಾನವಾಗಿ ಹೊಡೆಯುವವರು ಗಟ್ಟಿ ಚೆಂಡನ್ನು ಒತ್ತಲಾರರು, ಆದ್ದರಿಂದ ಅವರಿಗೆ ದೂರ ಸಿಗುವುದಿಲ್ಲ ಎಂಬುದು ಅಂಗಡಿಯವರ ವಾದ. ಆದರೆ ಗಂಟೆಗೆ 88 ಮೈಲಿ ವೇಗದ ಡ್ರೈವರ್ ಎಂಥ ಚೆಂಡನ್ನೂ ಒತ್ತಿಯೇ ಒತ್ತುತ್ತದೆ. ಅರ್ಧ ಮಿಲಿಸೆಕೆಂಡಿನಷ್ಟೂ ಇಲ್ಲದ ಆ ಸಂಪರ್ಕದ ಹೊತ್ತಿನಲ್ಲಿ ಚೆಂಡು ಕಣ್ಣಿಗೆ ಕಂಡರೆ ನಂಬಲಾಗದಷ್ಟು ಚಪ್ಪಟೆಯಾಗುತ್ತದೆ. ಯಂತ್ರದ ಕೈಯಿಂದ ಹೊಡೆಸಿ ಮಾಡಿದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದು ಇದು: ಗಟ್ಟಿ ಚೆಂಡು ಎಲ್ಲ ವೇಗಗಳಲ್ಲಿಯೂ ತುಸು ಹೆಚ್ಚು ಚುರುಕಾಗಿ ಚಿಮ್ಮುತ್ತದೆ, ವೇಗ ಇಳಿದಂತೆ ಆ ಅಂತರ ಕಿರಿದಾಗುತ್ತದೆಯೇ ಹೊರತು ಮೃದು ಚೆಂಡು ಮುಂದೆ ಬರುವುದಿಲ್ಲ. ಹಾಗೆಂದು ಮೃದು ಚೆಂಡು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಅದು ಎಲ್ಲ ಕ್ಲಬ್ಬುಗಳಿಂದಲೂ ಕಡಿಮೆ ಸ್ಪಿನ್ ಪಡೆಯುತ್ತದೆ, ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಪಟರ್‌ಗೆ ತಾಗಿದಾಗ ಮೆಲುದನಿ ಹೊರಡಿಸುತ್ತದೆ. ನಾವು ಕೈಗೆ ತಿಳಿಯಿತು ಎಂದುಕೊಳ್ಳುವ ಮೃದುತನದಲ್ಲಿ ಬಹುಪಾಲು ಕಿವಿಗೆ ತಿಳಿದದ್ದು. ಆ ದನಿ ನಿಮಗೆ ಹಿತವಾದರೆ ಆ ಕಾರಣಕ್ಕೆ ಮೃದು ಚೆಂಡನ್ನು ಆರಿಸಿಕೊಳ್ಳಿ. ವೇಗದ ಲೆಕ್ಕವನ್ನು ಅದಕ್ಕೆ ತಂದು ಕಟ್ಟುವುದು ಬೇಡ.

ಡ್ರೈವರ್‌ಗೂ ವೆಡ್ಜ್‌ಗೂ ಚೆಂಡು ಬೇರೆ ಬೇರೆ ರೀತಿಯಲ್ಲಿ ಸ್ಪಂದಿಸುವುದೇಕೆ ಎಂಬುದನ್ನೂ ತಿಳಿದರೆ ಆಯ್ಕೆ ಸುಲಭ. ಡ್ರೈವರ್‌ನ ಹೊಡೆತ ತಿರುಳಿನವರೆಗೂ ಇಳಿಯುತ್ತದೆ. ಅಲ್ಲಿ ಮಾತಾಡುವುದು ತಿರುಳು. ಮೆಲ್ಲನೆಯ, ಓರೆಯಾದ ವೆಡ್ಜ್ ಹೊಡೆತ ಮೇಲ್ಪದರದಲ್ಲೇ ಮುಗಿಯುತ್ತದೆ. ಅಲ್ಲಿ ಮಾತಾಡುವುದು ಹೊದಿಕೆ. ಮೂರು, ನಾಲ್ಕು, ಐದು ಪದರಗಳ ಚೆಂಡನ್ನು ಕಟ್ಟುವುದರ ಉದ್ದೇಶವೇ ಈ ಎರಡು ಮಾತುಗಳನ್ನು ಒಂದರಿಂದೊಂದು ಬೇರ್ಪಡಿಸುವುದು. ಪದರಗಳ ಸಂಖ್ಯೆ ಹೆಚ್ಚಿದಷ್ಟೂ ಚೆಂಡು ಉತ್ತಮ ಎಂಬ ನಿಯಮವಿಲ್ಲ.

ಇನ್ನು ಬಲಕ್ಕೆ ಬಾಗುವ ವಿಷಯ. ಚೆಂಡು ತಿರುಗುವ ಅಕ್ಷ ಓರೆಯಾದಾಗ ಅದು ಬಾಗುತ್ತದೆ. ಅಕ್ಷವನ್ನು ಓರೆ ಮಾಡುವುದು ಕ್ಲಬ್ಬಿನ ಮುಖ ಮತ್ತು ಅದರ ಹಾದಿ. ಸ್ಪಿನ್ ಕಡಿಮೆಯಿರುವ ಚೆಂಡು ತುಸು ಕಡಿಮೆ ಬಾಗುವುದು ನಿಜ, ಆದರೆ ಕೆರೆಗೆ ಬೀಳುವ ಚೆಂಡನ್ನು ಅದು ಫೇರ್‌ವೇಗೆ ತಂದು ನಿಲ್ಲಿಸದು. 1970ರ ದಶಕದಲ್ಲಿ ಅಮೆರಿಕದಲ್ಲಿ ಪೊಲಾರಾ ಎಂಬ ಚೆಂಡು ಬಂದಿತ್ತು. ಅದರ ಕುಳಿಗಳನ್ನು ಎಲ್ಲೆಡೆ ಒಂದೇ ಸಮನಾಗಿ ಮಾಡದೆ, ಹಾರಾಟದಲ್ಲಿ ತನ್ನನ್ನು ತಾನೇ ನೇರ ಮಾಡಿಕೊಳ್ಳುವಂತೆ ಮಾಡಿದ್ದರು. ಚೆಂಡು ಎಲ್ಲ ದಿಕ್ಕಿನಿಂದಲೂ ಒಂದೇ ರೀತಿ ಹಾರಬೇಕೆಂಬ ಸಮಮಿತಿಯ ನಿಯಮ ಅದರ ಬೆನ್ನಲ್ಲೇ ಬಂತು. ನಿಯಮದೊಳಗಿನ ಯಾವ ಚೆಂಡೂ ಸ್ಲೈಸನ್ನು, ಅಂದರೆ ಹೀಗೆ ಬಲಕ್ಕೆ ಬಾಗುವುದನ್ನು, ಗುಣಪಡಿಸಲಾರದು.

ಕುಳಿಗಳ ಪ್ರಸ್ತಾಪ ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ತರಗತಿಯಲ್ಲಿ ಇದನ್ನು ಹೇಳುವಾಗ ಪ್ರತಿ ವರ್ಷವೂ ನನಗೆ ಹೊಸ ಸಂತೋಷವಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಟ್ಟಾ ಪರ್ಚಾ ಎಂಬ ಮರದ ಅಂಟಿನಿಂದ ನುಣುಪಾದ ಚೆಂಡುಗಳನ್ನು ಮಾಡತೊಡಗಿದಾಗ, ಹೊಸ ಚೆಂಡಿಗಿಂತ ಆಡಿ ಆಡಿ ಗಾಯಗೊಂಡ ಹಳೆಯ ಚೆಂಡೇ ಚೆನ್ನಾಗಿ ಹಾರುತ್ತದೆಂದು ಸ್ಕಾಟ್ಲೆಂಡಿನ ಆಟಗಾರರು ಗಮನಿಸಿದರು. ಹೊಸದಕ್ಕೆ ಬೇಕೆಂದೇ ಗೀರು ಹಾಕುವ ಪದ್ಧತಿ ಅದರಿಂದ ಹುಟ್ಟಿತು; 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಕುಳಿಗಳ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಕುಳಿಗಳು ಚೆಂಡಿಗೆ ಅಂಟಿದ ಗಾಳಿಯ ತೆಳುಪದರವನ್ನು ಕಲಕಿ, ಅದು ಹಿಂಬದಿಯವರೆಗೂ ಚೆಂಡನ್ನು ಬಿಡದಂತೆ ಮಾಡುತ್ತವೆ. ಆಗ ಹಿಂದೆ ಉಳಿಯುವ ಸುಳಿಗಾಳಿಯ ಬಾಲ ಕಿರಿದಾಗಿ ಎಳೆತ ಕಡಿಮೆಯಾಗುತ್ತದೆ. ನುಣುಪು ಚೆಂಡು ಇಂದಿನ ಚೆಂಡಿನ ಸುಮಾರು ಅರ್ಧ ದೂರವಷ್ಟೇ ಹೋದೀತು. ಆದ್ದರಿಂದ ಕುಳಿಯಲ್ಲಿ ಕೆಸರು ಮೆತ್ತಿಕೊಂಡ ಚೆಂಡನ್ನು ಟೀ ಮೇಲೆ ಇಡುವ ಮುನ್ನ ಒರೆಸಿಕೊಳ್ಳಿ; ಯಾವ ಖರ್ಚೂ ಇಲ್ಲದೆ ಸಿಗುವ ಗಜಗಳು ಅವು.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ 200 ಗಜ ಹೋಗುವ ಹೊಡೆತ ನಿಮ್ಮಲ್ಲಿ ಆರೇಳು ಗಜ ಮುಂದೆ ಬೀಳುತ್ತದೆ. ಕರಾವಳಿಯ ತೇವದ ಗಾಳಿ ಭಾರವಾದ್ದರಿಂದ ಚೆಂಡು ಹೋಗುವುದಿಲ್ಲ ಎನ್ನುವವರುಂಟು. ಅದು ಸರಿಯಲ್ಲ, ನೀರಿನ ಆವಿ ಒಣಗಾಳಿಗಿಂತ ಹಗುರ. ವ್ಯತ್ಯಾಸ ಬರುವುದು ಎತ್ತರದಿಂದ. ಚೆಂಡನ್ನು ಹೋಲಿಸುವಾಗ ಇದನ್ನು ಮರೆಯದೆ, ಎರಡನ್ನೂ ಒಂದೇ ಊರಿನಲ್ಲಿ ಒಂದೇ ಬೆಳಗ್ಗೆ ಹೊಡೆದು ನೋಡಿ.

ಉತ್ತರ 3 – ಹಳೆಯ ಕ್ಯಾಡಿ, ರಾಮನಗರ

ಕೆರೆಯ ಚೆಂಡಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹದಿನಾಲ್ಕನೆಯ ವಯಸ್ಸಿನಿಂದ ಹನ್ನೆರಡು ವರ್ಷ ನಾನು ಆಟಗಾರರ ಚೀಲ ಹೊರುವ ಕ್ಯಾಡಿಯಾಗಿದ್ದೆ. ರಜೆಯ ದಿನ ಕೆರೆಯ ಅಂಚಿನ ಕೆಸರಿನಲ್ಲಿ ಕಾಲಿನಿಂದ ತಡವಿ ಚೆಂಡು ತೆಗೆದು, ಬಟ್ಟೆ ಸೋಪಿನಲ್ಲಿ ತೊಳೆದು, ಬಣ್ಣ ಮತ್ತು ಹೆಸರಿನ ಪ್ರಕಾರ ಬೇರ್ಪಡಿಸಿ ಮಾರಿ ಮನೆಯ ಖರ್ಚಿಗೆ ಕೊಟ್ಟಿದ್ದೇನೆ. ಆ ಚೆಂಡುಗಳನ್ನು ಕೊಳ್ಳಬೇಡಿ ಎಂದು ನಾನು ಎಂದೂ ಹೇಳಲಾರೆ. ಆದರೆ ನೋಡಿ ಕೊಳ್ಳಿ.

ಚೆಂಡಿನ ಹೊದಿಕೆಯೊಳಗೆ ನೀರು ನಿಧಾನವಾಗಿ ಇಳಿಯುತ್ತದೆ. ವಾರದ ಹಿಂದೆ ಬಿದ್ದ ಚೆಂಡಿಗೆ ಏನೂ ಆಗಿರುವುದಿಲ್ಲ, ಮಳೆಗಾಲವೊಂದನ್ನು ಕೆಸರಿನಲ್ಲಿ ಕಳೆದ ಚೆಂಡಿನ ತಿರುಳು ತನ್ನ ಚಿಮ್ಮುವ ಗುಣವನ್ನು ಕಳೆದುಕೊಳ್ಳುತ್ತದೆ. ಹೊರಗಿನಿಂದ ಎರಡೂ ಒಂದೇ ತರಹ ಹೊಳೆಯುತ್ತಿದ್ದರೂ ಹೊಡೆದಾಗ ಹಳೆಯದು ಸತ್ತ ಸದ್ದು ಮಾಡುತ್ತದೆ. ಬಹಳ ದಿನ ನೀರಿನಲ್ಲಿದ್ದ ಬಿಳಿ ಚೆಂಡಿಗೆ ಕಂದು ಅಥವಾ ಹಳದಿ ಛಾಯೆ ಬರುತ್ತದೆ. ಹೊಸ ಚೆಂಡಿನ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ತೊಳೆದು ಮಾರುವುದು ಒಂದು, ಬಣ್ಣ ಬಳಿದು ಹೆಸರನ್ನು ಮತ್ತೆ ಅಚ್ಚು ಹಾಕಿ ಮಾರುವುದು ಇನ್ನೊಂದು. ಬಳಿದ ಬಣ್ಣ ಕುಳಿಗಳಲ್ಲಿ ತುಂಬಿಕೊಂಡು ಹಾರಾಟವನ್ನು ಬದಲಿಸುತ್ತದೆ. ಮೇಲೆ ಬರೆದಿರುವ ಹೆಸರು ಒಳಗಿನ ಚೆಂಡಿನದೇ ಎಂಬ ಖಾತರಿಯೂ ಇರುವುದಿಲ್ಲ. ಬೆರಳಿನಿಂದ ಸವರಿದಾಗ ಕುಳಿಗಳ ಅಂಚು ಮೊಂಡಾಗಿದ್ದರೆ, ಅಚ್ಚು ಓರೆಯಾಗಿದ್ದರೆ ಅದನ್ನು ಕೊಳ್ಳಬೇಡಿ.

ಯುರೆಥೇನ್ ಚೆಂಡನ್ನೇ ಆಡಬೇಕು, ಹಣವೂ ಹೆಚ್ಚು ಹಾಕಲಾಗದು ಎನ್ನುವವರಿಗೆ, ತೊಳೆದು ಬೇರ್ಪಡಿಸಿದ ಒಂದೇ ಮಾದರಿಯ, ಬಣ್ಣ ಕೆಡದ ಚೆಂಡುಗಳನ್ನು ನಿಮ್ಮ ಕೋರ್ಸಿನ ಹುಡುಗರಿಂದಲೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯ ದಾರಿ. ಯಾವುದು ನಿನ್ನೆ ಬಿದ್ದದ್ದು, ಯಾವುದು ಕಳೆದ ವರ್ಷದ್ದು ಎಂದು ಅವರಿಗೆ ಗೊತ್ತಿರುತ್ತದೆ. ಮರ್ಯಾದೆಯಿಂದ ಕೇಳಿದರೆ ನಿಜ ಹೇಳುತ್ತಾರೆ. ಬಿಡದಿಯ ಕೋರ್ಸಿನ ಪಕ್ಕದ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಅವರು ವೃತ್ತಿಪರ ಆಟಗಾರರಾಗಿ ದೇಶವಿದೇಶಗಳಲ್ಲಿ ಆಡಿದ್ದನ್ನು ಕಂಡ ಮೇಲೆ, ಕೋರ್ಸಿನ ಬೇಲಿಯ ಬಳಿ ನಿಂತ ಹುಡುಗರನ್ನು ಆಟ ತಿಳಿಯದವರೆಂದು ಎಣಿಸುವುದನ್ನು ಎಲ್ಲರೂ ಬಿಡಬೇಕು.

ಉತ್ತರ 4 – ಬಿಟ್ಟಂಗಾಲದ ಹಾದಿ, ವಿರಾಜಪೇಟೆ

ಎಲ್ಲರೂ ಯುರೆಥೇನ್ ಕಡೆಗೇ ವಾಲಿರುವುದರಿಂದ ಇನ್ನೊಂದು ಪಕ್ಕವನ್ನೂ ಹೇಳಬೇಕಾಗಿದೆ. ನಾನು ಕೊಡಗಿನಲ್ಲಿ ಆಡುವ ಐವತ್ತೈದರ ಹೆಂಗಸು, ಡ್ರೈವರ್‌ನ ವೇಗ ಗಂಟೆಗೆ 70 ಮೈಲಿ, ಹ್ಯಾಂಡಿಕ್ಯಾಪ್ 16. ಹನ್ನೆರಡು ವರ್ಷದಿಂದ ನಾನು ಆಡುತ್ತಿರುವುದು ಎರಡು ಪದರದ ಅಯನೊಮರ್ ಚೆಂಡನ್ನೇ, ಬದಲಿಸುವ ಯೋಚನೆಯೂ ಇಲ್ಲ.

ಕಾರಣ ಹೀಗೆ. ಬೇಸಿಗೆಯಲ್ಲಿ ನಮ್ಮ ನೆಲ ಗಟ್ಟಿ. ಗ್ರೀನಿನ ಮುಂದೆ ಚೆಂಡನ್ನು ಇಳಿಸಿ ಉರುಳಿಸಿಕೊಂಡು ಹೋಗುವುದೇ ನನ್ನ ಆಟ. ಎತ್ತರಕ್ಕೆ ಹೊಡೆದು ಸ್ಪಿನ್‌ನಿಂದ ನಿಲ್ಲಿಸುವ ಹೊಡೆತ ನನ್ನಲ್ಲಿಲ್ಲ. ಇಲ್ಲದ ಹೊಡೆತಕ್ಕಾಗಿ ಎರಡು ಮೂರು ಪಟ್ಟು ಬೆಲೆ ಕೊಡುವುದೇಕೆ? ಪ್ರತಿ ಸಲವೂ ಚೆಂಡು ಒಂದೇ ಅಳತೆಯಲ್ಲಿ ಉರುಳಿದರೆ ಉರುಳುವುದು ದೋಷವಲ್ಲ. ಒಂದೇ ಮಾದರಿಯನ್ನು ಆಡಿ ಎಂಬ ಮೊದಲ ಉತ್ತರದ ಮಾತು ಎಲ್ಲಕ್ಕಿಂತ ದೊಡ್ಡದೆಂದು ನಾನೂ ಹೇಳುತ್ತೇನೆ. ಆದರೆ ಆ ಮಾದರಿ ದುಬಾರಿಯದೇ ಆಗಬೇಕೆಂದಿಲ್ಲ.

ಕಳೆಯುವ ಚೆಂಡಿನ ಲೆಕ್ಕವನ್ನೂ ನೋಡಬೇಕು. ರೌಂಡಿಗೆ ಮೂರು ದುಬಾರಿ ಚೆಂಡು ಕಳೆಯುವವರು, ನೀರಿನ ಎದುರು ನಿಂತಾಗ ಹೊಡೆತವನ್ನು ಬಿಟ್ಟು ಬೆಲೆಯನ್ನು ಯೋಚಿಸತೊಡಗುತ್ತಾರೆ. ಕಪಾಟಿನ ಪೆಟ್ಟಿಗೆಯನ್ನು ಒಳ್ಳೆಯ ದಿನಕ್ಕೆಂದು ಕಾಯ್ದಿಡುವುದೂ, ನೀರಿನ ಹೋಲ್ ಬಂದಾಗ ಚೀಲದಿಂದ ಹಳೆಯ ಚೆಂಡನ್ನು ಹುಡುಕುವುದೂ ಒಂದೇ ಭಯದ ಎರಡು ರೂಪಗಳು. ನೀರಿನ ಮುಂದೆಯೂ ಕೈ ನಡುಗದೆ ಇಡಬಲ್ಲ ಚೆಂಡು ಯಾವುದೋ ಅದು ನಿಮ್ಮ ಚೆಂಡು.

ಮಳೆಗಾಲದಲ್ಲಿ ಮಾತ್ರ ನನ್ನ ಆಯ್ಕೆಗೆ ತೊಂದರೆಯಿದೆ ಎಂದು ಒಪ್ಪಿಕೊಳ್ಳುತ್ತೇನೆ. ಹುಲ್ಲು ತೊಯ್ದಾಗ ಅಯನೊಮರ್ ಚೆಂಡು ವೆಡ್ಜ್ ಮುಖದ ಮೇಲೆ ಇನ್ನೂ ಹೆಚ್ಚು ಜಾರುತ್ತದೆ, ಯುರೆಥೇನ್ ತನ್ನ ಹಿಡಿತವನ್ನು ಅಷ್ಟಾಗಿ ಬಿಡುವುದಿಲ್ಲ. ಆದರೆ ಜುಲೈ ತಿಂಗಳಲ್ಲಿ ನಮ್ಮ ಗ್ರೀನುಗಳು ಎಷ್ಟು ಮೆತ್ತಗಿರುತ್ತವೆಂದರೆ ಎಂಥ ಚೆಂಡೂ ಬಿದ್ದಲ್ಲೇ ಕೂರುತ್ತದೆ. ಇನ್ನೊಂದು ವಿಷಯ: ಹೆಂಗಸರ ಚೆಂಡು ಎಂದು ಬೇರೆ ಬಣ್ಣದ ಪೆಟ್ಟಿಗೆಯಲ್ಲಿ ಮಾರುವುದನ್ನು ಕೊಳ್ಳುವ ಮುನ್ನ, ಅದೇ ತಯಾರಕರ ಸಾಮಾನ್ಯ ಮೃದು ಚೆಂಡಿನೊಡನೆ ಹೋಲಿಸಿ ನೋಡಿ. ನಾನು ಹಾಗೆ ಮಾಡಿದಾಗ ಪೆಟ್ಟಿಗೆಯ ಬಣ್ಣವನ್ನು ಬಿಟ್ಟು ಬೇರೆ ಅಂತರ ನನ್ನ ಆಟದಲ್ಲಿ ಕಾಣಲಿಲ್ಲ. ಕಣ್ಣಿಗೆ ಎದ್ದು ಕಾಣುವ ಹಳದಿ ಚೆಂಡು ಮಾತ್ರ ನಿಜವಾದ ಉಪಕಾರ. ಸಿಲ್ವರ್ ಓಕ್ ಎಲೆ ಉದುರಿದ ನೆಲದಲ್ಲಿ ಮೂರು ನಿಮಿಷದೊಳಗೆ ಚೆಂಡನ್ನು ಹುಡುಕಬೇಕಾದಾಗ ಅದರ ಬೆಲೆ ತಿಳಿಯುತ್ತದೆ.

ಮರುಪ್ರಶ್ನೆ – ಮುಂಜಾವಿನ ಟೀ, ಬೆಂಗಳೂರು

ಎಲ್ಲರಿಗೂ ಕೃತಜ್ಞತೆಗಳು. ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲ ಉತ್ತರದಲ್ಲಿ ಹೇಳಿದಂತೆ, ಗೆಳೆಯರು ಗುರುತು ಮರೆಮಾಡಿ ಇಟ್ಟ ಚೆಂಡುಗಳನ್ನು ಎರಡು ಬೆಳಗ್ಗೆ ಹೊಡೆದು ಹೆಜ್ಜೆಯ ಲೆಕ್ಕ ಬರೆದುಕೊಂಡೆ. ಅಂಚಿನಿಂದ ಮಾಡಿದ ಸಣ್ಣ ಚಿಪ್‌ನಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 30 ಗಜದಿಂದ ಮಾತ್ರ, ಯುರೆಥೇನ್ ಚೆಂಡು ಬಿದ್ದ ಮೇಲೆ ಸರಾಸರಿ ನಾಲ್ಕು ಹೆಜ್ಜೆ ಹೋಯಿತು, ಇನ್ನೊಂದು ಎಂಟು ಒಂಬತ್ತು ಹೆಜ್ಜೆ. 7 ಐರನ್‌ನಲ್ಲಿ ಅಂತರ ಕಿರಿದಾಯಿತು, ಡ್ರೈವರ್‌ನಲ್ಲಿ ನನ್ನ ಕೈಯ ಏರುಪೇರೇ ಚೆಂಡಿನ ವ್ಯತ್ಯಾಸಕ್ಕಿಂತ ದೊಡ್ಡದಿತ್ತು. ಸ್ಲೈಸ್ ಎರಡರಲ್ಲಿಯೂ ಹಾಗೆಯೇ ಇತ್ತು. ಮೇಷ್ಟ್ರ ಮಾತಿನ ಮೇಲೆ ಅದನ್ನು ಈಗ ತರಬೇತುದಾರರಿಗೆ ಬಿಟ್ಟಿದ್ದೇನೆ.

ಕಪಾಟಿನ ಪೆಟ್ಟಿಗೆಯನ್ನು ಒಡೆದದ್ದಾಯಿತು. ಆದರೆ ಮುಂದಕ್ಕೆ ಕೊಳ್ಳಲು ನಾನು ಆರಿಸಿದ್ದು ಅದಕ್ಕಿಂತ ಕಡಿಮೆ ಬೆಲೆಯ, ಮೂರು ಪದರದ ಯುರೆಥೇನ್ ಚೆಂಡನ್ನು. ಪಟರ್‌ಗೆ ತಾಗಿದಾಗ ಅದರ ದನಿ ನನಗೆ ಹೆಚ್ಚು ಹಿತವೆನಿಸಿತು. ವಿರಾಜಪೇಟೆಯ ಸೋದರಿಯ ಮಾತನ್ನು ನೆನೆದು, ನೀರಿರುವ ಎರಡು ಹೋಲ್‌ಗಳಲ್ಲಿಯೂ ಅದನ್ನೇ ಟೀ ಮೇಲಿಡುತ್ತಿದ್ದೇನೆ. ಕಳೆದ ಮೂರು ರೌಂಡುಗಳಲ್ಲಿ ಒಟ್ಟು ಐದು ಚೆಂಡು ಹೋಗಿವೆ. 30 ಗಜದ ಹೊಡೆತ ಎಲ್ಲಿ ಬಿದ್ದರೆ ಎಲ್ಲಿ ನಿಲ್ಲುತ್ತದೆಂಬ ಅಂದಾಜು ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಕೈಗೆ ಬರುತ್ತಿದೆ.

ಒಂದು ಸಂದೇಹ ಉಳಿದಿದೆ. ಚೆಂಡಿನ ನಿಯಮ ಬದಲಾಗುತ್ತದೆ, ಈಗಿನ ಚೆಂಡುಗಳು ಮುಂದೆ ಅನರ್ಹವಾಗುತ್ತವೆ ಎಂದು ಕ್ಲಬ್ಬಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಹೀಗಿರುವಾಗ ಹೆಚ್ಚು ಪೆಟ್ಟಿಗೆಗಳನ್ನು ಕೊಂಡಿಡುವುದು ಸರಿಯೇ?

ಉತ್ತರ 5 – ಹದಿನೆಂಟನೆಯ ಗ್ರೀನ್, ಬೆಂಗಳೂರು

ನಿಮ್ಮ ಹೆಜ್ಜೆ ಲೆಕ್ಕವನ್ನು ಓದಿ ಬಹಳ ಸಂತೋಷವಾಯಿತು. ಕ್ಲಬ್ಬಿನ ಮಾತಿಗೆ ಆಧಾರವಿದೆ. ಡ್ರೈವರ್‌ನ ಗಂಟೆಗೆ 120 ಮೈಲಿ ವೇಗದಲ್ಲಿ ಚೆಂಡು 317 ಗಜ, ಜತೆಗೆ 3 ಗಜದ ರಿಯಾಯಿತಿ ದಾಟಬಾರದೆಂಬುದು ಈವರೆಗಿನ ಪರೀಕ್ಷೆ; 2023ರ ಡಿಸೆಂಬರ್‌ನಲ್ಲಿ ಎರಡೂ ಸಂಸ್ಥೆಗಳು ಅದೇ ಮಿತಿಯನ್ನು 125 ಮೈಲಿ ವೇಗಕ್ಕೆ ಅನ್ವಯಿಸುವುದಾಗಿ ಪ್ರಕಟಿಸಿದವು. ಸಾಮಾನ್ಯ ಆಟಗಾರರಿಗೆ ಅದು ಬರುವುದು 2030ರಲ್ಲಿ ಎಂದು ಆಗಲೇ ಹೇಳಲಾಗಿತ್ತು. ಅತಿ ಉದ್ದ ಹೊಡೆಯುವವರು 13ರಿಂದ 15 ಗಜ ಕಳೆದುಕೊಳ್ಳಬಹುದು. ನಮ್ಮಂಥವರಿಗೆ 5 ಗಜ ಅಥವಾ ಇನ್ನೂ ಕಡಿಮೆ ಎಂಬುದು ಆ ಸಂಸ್ಥೆಗಳದೇ ಅಂದಾಜು. ಸ್ಪರ್ಧೆಗಳಲ್ಲಿ ಆಡುವುದಾದರೆ ಆಯಾ ಕಾಲದ ಮಾನ್ಯ ಚೆಂಡುಗಳ ಪಟ್ಟಿಯನ್ನು ನೋಡಿಕೊಂಡರೆ ಸಾಕು. ಒಂದೆರಡು ಡಜನ್‌ಗಿಂತ ಹೆಚ್ಚು ಕೊಂಡಿಡಬೇಡಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಈಗ ನೀವು ಒಂದೇ ಮಾದರಿಯನ್ನು ಆಡುವವರಾದ್ದರಿಂದ ಇನ್ನೊಂದು ಕೆಲಸ ಮಾಡಿ. ಪ್ರತಿ ಚೆಂಡಿನ ಮೇಲೂ ಶಾಯಿಯಿಂದ ನಿಮ್ಮದೇ ಗುರುತು ಹಾಕಿಕೊಳ್ಳಿ. ಜತೆಯವರೂ ಅದೇ ಮಾದರಿ, ಅದೇ ಸಂಖ್ಯೆಯ ಚೆಂಡನ್ನು ಆಡುತ್ತಿದ್ದು, ಉದ್ದ ಹುಲ್ಲಿನ ರಫ್‌ನಲ್ಲಿ ಎರಡೂ ಅಕ್ಕಪಕ್ಕ ಸಿಕ್ಕಾಗ ನಿಮ್ಮದು ಯಾವುದೆಂದು ತೋರಿಸಲಾಗದಿದ್ದರೆ, ಕಣ್ಣೆದುರೇ ಇದ್ದರೂ ಅದು ನಿಯಮದ ಪ್ರಕಾರ ಕಳೆದ ಚೆಂಡು. ನಾನು ಬ್ರಾಂಡಿನ ಹೆಸರಿನ ಕೆಳಗೆ ಎರಡು ಹಸಿರು ಚುಕ್ಕೆ ಇಡುತ್ತೇನೆ.